ಕಥೆಗಾಗಿ ಅತ್ತ ಕಣ್ಣುಗಳು

ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಸಾಗುವ ರೈಲು ಕುಂಸಿಯನ್ನು ಬಿಟ್ಟ ಮೇಲೆ ಸಿಗುವ ಮುಂದಿನ ನಿಲ್ದಾಣ ಅರಸಾಳು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ದೂರದರ್ಶನಕ್ಕೆ ತಂದಾಗ ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿಯಾಯಿತು. ಅರಸಾಳಿನ ಪುಟ್ಟ ನಿಲ್ದಾಣ ಮಾಲ್ಗುಡಿಯ ರೈಲು ನಿಲ್ದಾಣವಾಯಿತು. ಆ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು ದುರಸ್ತಿಗೊಳಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಸ್ವಾಮಿಯನ್ನೂ ಅವನ ಗೆಳೆಯರನ್ನೂ ಮರೆಯದವರು ಇಂದಿಗೂ ಅಲ್ಲಿಗೆ ಬಂದು, ನೋಡಿ, ಸಂತೋಷಪಟ್ಟು ಹೋಗುತ್ತಾರೆ. ಅದು ಸಂತೋಷಪಡಬೇಕಾದ ಸಂಗತಿಯೇ.

ಆದರೆ ಒಂದು ಮಾತನ್ನು ಗಮನಿಸಿ. ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲಿಯೂ ಇರಲಿಲ್ಲ. ಅದು ಒಬ್ಬ ಲೇಖಕನ ಮನಸ್ಸಿನಲ್ಲಿ ಹುಟ್ಟಿದ ಊರು. ಅದೇ ರೈಲು ಮುಂದೆ ಸಾಗರವನ್ನು ಮುಟ್ಟಿದರೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಲಿಂಗನಮಕ್ಕಿಯ ಹಿನ್ನೀರು ಹರಡಿಕೊಂಡಿದೆ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ನೀರಿನಡಿಯಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಮಿಕ್ಕಿದ ಹಳ್ಳಿಗಳು ಮಲಗಿವೆ. ಅವು ಯಾರ ಕಲ್ಪನೆಯೂ ಅಲ್ಲ. ಅಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಹುಟ್ಟುತ್ತಿದ್ದರು, ಹಿರಿಯರು ಮಣ್ಣಾಗುತ್ತಿದ್ದರು. ಇರದ ಊರಿನ ಹೆಸರು ದೇಶಕ್ಕೆಲ್ಲ ಗೊತ್ತು. ಇದ್ದ ಊರುಗಳಲ್ಲಿ ನಾಲ್ಕರ ಹೆಸರನ್ನಾದರೂ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಕಥೆಗಾರರ ಮೇಲೆ ದೋಷ ಹೊರಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಬಿಡುವಿನ ವೇಳೆಯಲ್ಲಿ ಕಾದಂಬರಿ ಓದುವ, ಸಿನಿಮಾ ನೋಡುವ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಮುಂದಿಡುವುದಕ್ಕಾಗಿ ಹೇಳುತ್ತಿದ್ದೇನೆ. ಇಲ್ಲದ ಮನುಷ್ಯರಿಗಾಗಿ ನಮ್ಮ ಕಣ್ಣು ಅಷ್ಟು ಸುಲಭವಾಗಿ ತುಂಬಿ ಬರುವುದೇಕೆ? ಅದೇ ಕಣ್ಣು ಇರುವ ಮನುಷ್ಯರ ಮುಂದೆ ಅಷ್ಟು ಬೇಗ ಒಣಗುವುದೇಕೆ? ಕಥೆಗಾಗಿ ಸುರಿಸಿದ ಕಣ್ಣೀರಿಗೆ ನೈತಿಕವಾಗಿ ಏನಾದರೂ ಬೆಲೆಯಿದೆಯೇ?

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಸರಳವಾಗಿತ್ತು. ಸಿನಿಮಾ ಎಂದರೆ ಕೆಟ್ಟದ್ದು, ಕಾದಂಬರಿ ಎಂದರೆ ಹೊತ್ತು ಹಾಳು. ಪಠ್ಯಪುಸ್ತಕದ ನಡುವೆ ವಾರಪತ್ರಿಕೆಯ ಧಾರಾವಾಹಿಯನ್ನು ಇಟ್ಟುಕೊಂಡು ಓದಿದವರು ನಿಮ್ಮಲ್ಲಿಯೂ ಇರಬಹುದು. ನಾನು ಆ ಹಿರಿಯರ ತೀರ್ಪನ್ನು ಒಪ್ಪಲಾರೆ. ಮನುಷ್ಯನಿಗೆ ಒಂದೇ ಬದುಕು. ಅದೂ ಬಹುಪಾಲು ಒಂದೇ ಕೇರಿಯಲ್ಲಿ, ಒಂದೇ ಬಗೆಯ ಜನರ ನಡುವೆ ಕಳೆದುಹೋಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ನನಗೆ ಆದ ಬೆರಗು ಇದೇ. ತೀರ್ಥಹಳ್ಳಿಯ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದರೂ, ಅಲ್ಲಿನ ಹಟ್ಟಿಯ ಆಳಿನ ಮನಸ್ಸಿನೊಳಗೂ ಒಂದು ದೊಡ್ಡ ಲೋಕವಿದೆ ಎಂಬುದು ತಿಳಿದದ್ದು ಆ ಪುಟಗಳಿಂದ. ಗಿರೀಶ ಕಾಸರವಳ್ಳಿ ಅವರ ‘ತಬರನ ಕಥೆ’ಯನ್ನು ನೋಡಿದ ಮೇಲೆ, ಪಿಂಚಣಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವ ಮುದುಕರ ಮುಖ ನನಗೆ ಬೇರೆಯಾಗಿ ಕಾಣತೊಡಗಿತು. ನಮ್ಮ ಅನುಭವದ ಬೇಲಿಯನ್ನು ಕಿತ್ತು, ಇನ್ನೊಬ್ಬರ ಅಂಗಳಕ್ಕೆ ನಮ್ಮನ್ನು ಕರೆದೊಯ್ಯುವ ಶಕ್ತಿ ಕಥೆಗಿದೆ. ಈ ಶಕ್ತಿಯನ್ನು ಕಾಲಹರಣವೆಂದು ತಳ್ಳಿಹಾಕುವುದು ವಿವೇಕವಲ್ಲ.

ಹಾಗೆಂದು ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಸುಮಾರು 1600 ವರ್ಷಗಳ ಹಿಂದೆಯೇ ಸಂತ ಅಗಸ್ಟೀನರು ಈ ವಿಷಯವನ್ನು ತಮ್ಮ ‘ಅರಿಕೆಗಳು’ ಗ್ರಂಥದಲ್ಲಿ ಎತ್ತಿಕೊಂಡರು. ಬಾಲ್ಯದಲ್ಲಿ ಅವರು ಲ್ಯಾಟಿನ್ ಕವಿ ವರ್ಜಿಲನ ಕಾವ್ಯದಲ್ಲಿ ಬರುವ ಡೈಡೋ ಎಂಬ ರಾಣಿಯ ಸಾವಿಗಾಗಿ ಅತ್ತಿದ್ದರಂತೆ. ಪ್ರಾಯದಲ್ಲಿ ಕಾರ್ಥೇಜ್ ನಗರದ ರಂಗಮಂದಿರಗಳಲ್ಲಿ ದುಃಖದ ನಾಟಕಗಳನ್ನು ನೋಡಿ ಕಣ್ಣೀರಿಟ್ಟಿದ್ದರಂತೆ. ಹಿಂದಿರುಗಿ ನೋಡಿದಾಗ ಅವರಿಗೆ ಒಂದು ಸಂಗತಿ ಬಹಳ ವಿಚಿತ್ರವೆನಿಸಿತು. ನಿಜವಾದ ಕರುಣೆ ದುಃಖಿಯ ದುಃಖ ಬೇಗ ನೀಗಲೆಂದು ಬಯಸುತ್ತದೆ. ನಾಟಕದ ಪ್ರೇಕ್ಷಕನಾದರೋ ದುಃಖ ಇನ್ನಷ್ಟು ಹೆಚ್ಚಲೆಂದು ಬಯಸುತ್ತಾನೆ. ಹೆಚ್ಚಿದಷ್ಟೂ ನಟನನ್ನು ಮೆಚ್ಚುತ್ತಾನೆ. ಅಳು ಬಾರದಿದ್ದರೆ ಬೇಸರದಿಂದ ಎದ್ದು ಹೋಗುತ್ತಾನೆ. ನೆರವಿಗೆ ಬಾ ಎಂದು ಅವನನ್ನು ಯಾರೂ ಕರೆಯುವುದಿಲ್ಲ. ಮರುಗಲು ಮಾತ್ರ ಕರೆಯುತ್ತಾರೆ. ಇದು ಎಂತಹ ಕರುಣೆ ಎಂದು ಅಗಸ್ಟೀನರು ಕೇಳುತ್ತಾರೆ. ಒಳ್ಳೆಯ ಸಿನಿಮಾ ಎಂದರೆ ಚೆನ್ನಾಗಿ ಅಳಿಸುವ ಸಿನಿಮಾ ಎಂದು ನಾವು ಹೇಳುವಾಗಲೆಲ್ಲ ಈ ಪ್ರಶ್ನೆ ನಮಗೂ ತಗಲುತ್ತದೆ.

ಕಥೆ ನಮ್ಮಿಂದ ಏನನ್ನೂ ಬೇಡುವುದಿಲ್ಲ. ಅದರ ಸುಖ ಇರುವುದೂ ಅಲ್ಲಿಯೇ, ಅಪಾಯ ಇರುವುದೂ ಅಲ್ಲಿಯೇ. ತೆರೆಯ ಮೇಲಿನ ಬಡವನು ಸಾಲ ಕೇಳಲು ನಮ್ಮ ಮನೆಗೆ ಬರುವುದಿಲ್ಲ. ಕಾದಂಬರಿಯ ರೋಗಿಯ ಹಾಸಿಗೆಯನ್ನು ನಾವು ಬದಲಿಸಬೇಕಾಗಿಲ್ಲ. ಏನೂ ತೆರದೆ ನಾವು ಒಳ್ಳೆಯವರಾಗಿಬಿಡಬಹುದು. ನಿಜವಾದ ನೆರೆಯವನ ಕಥೆಯಾದರೋ ಹಾಗಲ್ಲ. ಅದಕ್ಕೆ ಸೊಗಸಾದ ಆರಂಭವಿಲ್ಲ, ಸಂಗೀತವಿಲ್ಲ, ಕೊನೆಯೂ ಇಲ್ಲ. ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾನೆ. ಅವನಲ್ಲಿ ದೋಷಗಳಿವೆ. ಅವನ ಕಷ್ಟದಲ್ಲಿ ಒಂದಿಷ್ಟು ಪಾಲು ಅವನದೇ ಆಗಿರುತ್ತದೆ. ಮಾತು ಮುಗಿಸಿದ ಮೇಲೆ ಅವನು ನಮ್ಮ ಮುಖವನ್ನು ನೋಡುತ್ತಾನೆ. ಆಗ ನಾವು ಗಡಿಯಾರವನ್ನು ನೋಡುತ್ತೇವೆ.

ಈ ವ್ಯತ್ಯಾಸವನ್ನು ನನಗೆ ಮನಗಾಣಿಸಿದ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಲನಚಿತ್ರವಾಗಿಸಿದರು. ಒಂದು ತುಂಡು ಭೂಮಿಯನ್ನು ಉಳಬೇಕೆಂಬ ಚೋಮನ ಆಸೆ ಕೊನೆಯವರೆಗೂ ಈಡೇರುವುದಿಲ್ಲ. ಅದರ ನಡುವೆ ಅವನ ಮಗನೊಬ್ಬನು ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಆದರೆ ಮುಳುಗುತ್ತಿರುವವನು ಮುಟ್ಟಬಾರದ ಜಾತಿಯವನು. ಆದ್ದರಿಂದ ಯಾರ ಕೈಯೂ ಅವನನ್ನು ಎತ್ತುವುದಿಲ್ಲ. ಆ ಭಾಗವನ್ನು ಓದುವಾಗ ದಡದಲ್ಲಿ ನಿಂತವರ ಮೇಲೆ ನಮಗೆ ಎಂತಹ ರೋಷ ಬರುತ್ತದೆ! ಆದರೆ ಯೋಚಿಸಿ ನೋಡಿ: ಪುಸ್ತಕ ಹಿಡಿದು ಕುಳಿತ ನಾವೂ ದಡದಲ್ಲಿಯೇ ಇದ್ದೇವೆ. ನಾವು ಆ ಹೊಳೆಗೆ ಇಳಿಯಲಾರೆವು, ಅದು ನಮ್ಮ ತಪ್ಪಲ್ಲ. ಪುಸ್ತಕವನ್ನು ಮುಚ್ಚಿದ ಮೇಲೆ ನಮ್ಮೂರಿನಲ್ಲಿ ಹರಿಯುವ ಹೊಳೆಗಳ ಮಾತು ಬೇರೆ.

ಆ ಕಾದಂಬರಿಯಲ್ಲಿ ನಮ್ಮನ್ನು, ಎಂದರೆ ಕ್ರೈಸ್ತ ಓದುಗರನ್ನು, ಚುಚ್ಚುವ ಇನ್ನೊಂದು ಅಂಶವಿದೆ. ಭೂಮಿ ಸಿಗಬಹುದೆಂಬ ಆಸೆಯಿಂದ ಚೋಮನು ಮತಾಂತರಕ್ಕೆ ಹೊರಟು ಹಿಂದಿರುಗುತ್ತಾನೆ. ಅವನ ಮಗಳು ಬೆಳ್ಳಿಯ ಬದುಕು ಕಾಫಿ ತೋಟದಲ್ಲಿ ಹಾಳಾಗುವಾಗ ಅದರಲ್ಲಿ ಕ್ರೈಸ್ತ ಹೆಸರು ಹೊತ್ತವರ ಕೈಯೂ ಇದೆ. ಲೇಖಕನು ನಮಗೆ ಅನ್ಯಾಯ ಮಾಡಿದನೆಂದು ಮುನಿಸಿಕೊಳ್ಳುವುದು ಸುಲಭ. ನನಗೆ ತೋರುವಂತೆ, ಓದುಗನ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಕಡೆಯಲ್ಲಿಯೇ. ಬೇರೆಯವರ ಪಾಪಕ್ಕಾಗಿ ಅಳಿಸುವ ಕಥೆ ನಮಗೆ ಇಷ್ಟವಾಗುತ್ತದೆ. ನಮ್ಮವರ ಪಾಪವನ್ನು ತೋರಿಸುವ ಕಥೆಯನ್ನು ಕೊನೆಯವರೆಗೂ ಓದುವುದಕ್ಕೆ ಸ್ವಲ್ಪ ಸತ್ಯನಿಷ್ಠೆ ಬೇಕು.

ಒಟ್ಟಾಗಿ ಕುಳಿತು ಅತ್ತ ಮಾತ್ರಕ್ಕೆ ಒಟ್ಟಾಗಿ ಬದುಕಲು ಕಲಿತೆವು ಎಂದಾಗುವುದೂ ಇಲ್ಲ. ವೈದೇಹಿ ಅವರ ಕಥೆಯನ್ನು ಆಧರಿಸಿ ಕಾಸರವಳ್ಳಿ ಅವರು ಮಾಡಿದ ‘ಗುಲಾಬಿ ಟಾಕೀಸು’ 2008ರಲ್ಲಿ ತೆರೆಕಂಡಿತು. ಕರಾವಳಿಯ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿಯಿದ್ದಾಳೆ. ಉಮಾಶ್ರೀ ಅವರು ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಅವಳ ಮನೆಗೆ ಟಿ.ವಿ. ಬಂದ ಮೇಲೆ ನೆರೆಕರೆಯ ಹೆಂಗಸರು ಅಲ್ಲಿ ಸೇರುತ್ತಾರೆ, ಒಂದೇ ಚಾಪೆಯ ಮೇಲೆ ಕುಳಿತವರಂತೆ ನಗುತ್ತಾರೆ, ಮರುಗುತ್ತಾರೆ. ಆದರೆ ಊರಿನಲ್ಲಿ ಸಂಶಯದ ಗಾಳಿ ಬೀಸಿದಾಗ, ಹೆಂಗಸೊಬ್ಬಳು ಕಾಣೆಯಾದ ಅಪವಾದ ಗುಲಾಬಿಯ ತಲೆಗೆ ಬಂದಾಗ, ಆ ಗೆಳೆತನ ಅವಳನ್ನು ಉಳಿಸುವುದಿಲ್ಲ. ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈಗಳು ಊರನ್ನೇ ಬಿಡಬೇಕಾಗುತ್ತದೆ. ತೆರೆಯ ಮೇಲಿನ ಅಪರಿಚಿತರಿಗಾಗಿ ಮರುಗಿದವರಿಗೆ ಪಕ್ಕದಲ್ಲಿ ಕುಳಿತವಳು ಅಪರಿಚಿತಳಾದಳು. ಈ ಚಿತ್ರವನ್ನು ನೋಡಿ ನಾವು ಮರುಗುತ್ತೇವೆ. ಹಾಗೆ ಮರುಗುವಾಗ ನಾವೂ ಆ ಹೆಂಗಸರ ಸಾಲಿನಲ್ಲಿಯೇ ಕುಳಿತಿರುತ್ತೇವೆ.

ಹಾಗಾದರೆ ಕಥೆಯಿಂದ ಪ್ರಯೋಜನವೇ ಇಲ್ಲವೇ? ಇದೆ. ಪವಿತ್ರ ಬೈಬಲಿನ ಸಮುವೇಲನ ಎರಡನೆಯ ಗ್ರಂಥದಲ್ಲಿ ಅದಕ್ಕೊಂದು ಉತ್ತಮ ನಿದರ್ಶನವಿದೆ. ಊರೀಯನ ಹೆಂಡತಿಯನ್ನು ಅಪಹರಿಸಿ, ಅವನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ ದಾವೀದ ಅರಸನ ಬಳಿಗೆ ನಾಥಾನ ಪ್ರವಾದಿ ಬರುತ್ತಾನೆ. ಅವನು ಬಂದೊಡನೆ ಆರೋಪಪಟ್ಟಿಯನ್ನು ಓದುವುದಿಲ್ಲ; ಕಥೆಯನ್ನು ಹೇಳುತ್ತಾನೆ. ಬಡವನ ಬಳಿ ಮಗಳಂತೆ ಬೆಳೆದ ಒಂದೇ ಕುರಿಮರಿ ಇತ್ತು. ಹಿಂಡುಗಟ್ಟಲೆ ಕುರಿಗಳಿದ್ದ ಧನಿಕನು ತನ್ನ ಅತಿಥಿಗಾಗಿ ಅದನ್ನೇ ಕಿತ್ತು ಕೊಯ್ದನು. ದಾವೀದನು ಕಿಡಿಕಿಡಿಯಾಗುತ್ತಾನೆ. ಆ ರೋಷ ನಟನೆಯಲ್ಲ, ನಿಜವಾದದ್ದೇ. ಕಥೆ ಅವನಲ್ಲಿ ನ್ಯಾಯಬುದ್ಧಿಯನ್ನು ಎಬ್ಬಿಸಿತು. ಆದರೆ ಅಷ್ಟಕ್ಕೇ ನಿಂತಿದ್ದರೆ ಅವನು ಒಂದು ಒಳ್ಳೆಯ ಕಥೆ ಕೇಳಿದ ಸಮಾಧಾನದಲ್ಲಿ ಅಂದು ನಿದ್ರಿಸುತ್ತಿದ್ದನು. ಆ ಮನುಷ್ಯನು ನೀನೇ ಎಂದು ಪ್ರವಾದಿಯು ಕಥೆಯ ಬೆರಳನ್ನು ತಿರುಗಿಸಿದಾಗಲೇ ದಾವೀದನ ಒಳಗಣ್ಣು ತೆರೆದದ್ದು. ಸಿನಿಮಾ ನೋಡಿ ಬರುವ ನಮ್ಮ ಹಿಂದೆ ಯಾವ ಪ್ರವಾದಿಯೂ ಬರುವುದಿಲ್ಲ. ಆ ಬೆರಳನ್ನು ತಿರುಗಿಸುವ ಕೆಲಸವನ್ನು ಕತ್ತಲೆಯಲ್ಲಿ ಮನೆಗೆ ನಡೆಯುವಾಗ ನಾವೇ ಮಾಡಿಕೊಳ್ಳಬೇಕು.

ಈ ದೃಷ್ಟಿಯಿಂದ ನಮ್ಮ ಜಿಲ್ಲೆಯವರಾದ ನಮಗೆ ವಿಶೇಷವಾಗಿ ಸಲ್ಲುವ ಕೃತಿ ನಾ. ಡಿ’ಸೋಜ ಅವರ ‘ದ್ವೀಪ’. 2025ರ ಜನವರಿ 5ರಂದು ನಮ್ಮನ್ನಗಲಿದ ಡಿ’ಸೋಜ ಅವರು ಸಾಗರದವರು. ನಮ್ಮಂತೆಯೇ ಭಾನುವಾರದ ಬಲಿಪೂಜೆಯ ಗಂಟೆ ಕೇಳುತ್ತಾ ಬೆಳೆದವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ನಾಡಿಗೆಲ್ಲ ಬೆಳಕು ಬಂದ ಸಂಭ್ರಮದಲ್ಲಿ, ಅದಕ್ಕಾಗಿ ಕತ್ತಲೆಗೆ ಹೋದವರ ಕಥೆಯನ್ನು ಅವರು ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳಲ್ಲಿ ಬರೆದರು. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಅವರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳ ಕೈಗೆ ಕೊಡಬಹುದಾದ ಪುಸ್ತಕ.

‘ದ್ವೀಪ’ವನ್ನು ಕಾಸರವಳ್ಳಿ ಅವರು 2002ರಲ್ಲಿ ಚಲನಚಿತ್ರವಾಗಿಸಿದರು. ಅದು ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಪಡೆಯಿತು. ಚಿತ್ರವನ್ನು ನಿರ್ಮಿಸಿ, ನಾಗಿಯ ಪಾತ್ರವನ್ನೂ ವಹಿಸಿದವರು ಸೌಂದರ್ಯ. ಅಣೆಕಟ್ಟಿನ ನೀರು ಏರುತ್ತಿದೆ. ಪರಿಹಾರ ಪಡೆದ ನೆರೆಯವರು ಒಬ್ಬೊಬ್ಬರಾಗಿ ಗುಡ್ಡ ಇಳಿದು ಹೋಗುತ್ತಾರೆ. ಪೂಜೆಯನ್ನೇ ನಂಬಿದ ಗಣಪ, ಅವನ ವೃದ್ಧ ತಂದೆ, ಹೆಂಡತಿ ನಾಗಿ ಮಾತ್ರ ಉಳಿಯುತ್ತಾರೆ. ಹೊರಗಿನ ಊರಿನಲ್ಲಿ ತಮ್ಮನ್ನು ಯಾರು ಗುರುತಿಸುತ್ತಾರೆ, ಯಾರು ಮರ್ಯಾದೆ ಕೊಡುತ್ತಾರೆ ಎಂಬುದು ಗಣಪನ ಭಯ. ಆ ಚಿತ್ರವನ್ನು ನೋಡುವ ಮೊದಲು, ಮುಳುಗಡೆ ಎಂದರೆ ಮನೆ ಮತ್ತು ಗದ್ದೆ ಹೋಗುವುದು ಎಂದಷ್ಟೇ ನಾನು ತಿಳಿದಿದ್ದೆ. ಮನೆ, ಗದ್ದೆಗಳಿಗೆ ಬೆಲೆ ಕಟ್ಟಬಹುದು. ಇಂಥವರ ಮಗ, ಇಂಥ ಮನೆಯವನು ಎಂದು ಹತ್ತೂರಿನ ಜನ ಗುರುತಿಸುತ್ತಿದ್ದ ಆ ಗುರುತಿಗೆ ಯಾವ ಕಚೇರಿ ಪರಿಹಾರ ಕೊಡಬಲ್ಲದು?

ಈಗ ಬೆರಳನ್ನು ತಿರುಗಿಸೋಣ. ಶರಾವತಿ ಕಣಿವೆಯಿಂದ ಎದ್ದು ಬಂದ ಕುಟುಂಬಗಳು ಎಲ್ಲೋ ದೂರ ಹೋಗಲಿಲ್ಲ. ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಹಲವೆಡೆ, ನಮ್ಮ ಕುಂಸಿ, ಆಯನೂರುಗಳ ಸುತ್ತಮುತ್ತಲೂ ನೆಲೆಸಿದರು. ಅವರು ಸಾಗುವಳಿ ಮಾಡಿದ ಭೂಮಿಯಲ್ಲಿ ಬಹಳಷ್ಟು ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿಯಿತು. ಆದ್ದರಿಂದ ಹಕ್ಕುಪತ್ರದ ತೊಡಕು ತಲೆಮಾರುಗಳನ್ನು ದಾಟಿ ಬಂದಿದೆ. 2022ರ ನವೆಂಬರಿನಲ್ಲಿ ಮುಳುಗಡೆ ಸಂತ್ರಸ್ತರ ಪರವಾಗಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆದದ್ದು ನಿಮಗೆ ನೆನಪಿರಬಹುದು. ಅಣೆಕಟ್ಟು ಮುಗಿದು ಆಗಲೇ 58 ವರ್ಷ ಕಳೆದಿತ್ತು. ರಾಜಕೀಯದಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವುದು ಈ ಬರಹದ ಉದ್ದೇಶವಲ್ಲ. ನಾನು ಕೇಳುವುದು ಇಷ್ಟೇ: ನಾಗಿಯ ಮನೆಯಂಗಳಕ್ಕೆ ನೀರು ಬಂದಾಗ ಉಸಿರು ಬಿಗಿಹಿಡಿದ ನಾವು, ‘ಮುಳುಗಡೆಯವರು’ ಎಂದು ಒಂದೇ ಮಾತಿನಲ್ಲಿ ಗುರುತಿಸಿ ಮುಂದೆ ಸಾಗುವ ಆ ಮನೆಗಳ ಹಿರಿಯರ ಬಳಿ ಒಂದು ಗಂಟೆ ಕುಳಿತು, ನಿಮ್ಮ ಊರು ಹೇಗಿತ್ತಜ್ಜ, ಎಂದು ಕೇಳಿದ್ದೇವೆಯೇ? ಅಂತಹ ಹಿರಿಯರು ಈಗ ಎಷ್ಟು ಮಂದಿ ಉಳಿದಿದ್ದಾರೆ?

ಬೆರಳು ಮನೆಯೊಳಗೂ ತಿರುಗಲಿ. ‘ದ್ವೀಪ’ದ ಕೊನೆಯಲ್ಲಿ ಮಳೆ, ನೀರು, ಕಾಡುಮೃಗದ ಭಯಗಳ ನಡುವೆ ರಾತ್ರಿಯಿಡೀ ಹೆಣಗಿ ಮನೆಯನ್ನು ಕಾಯುವವಳು ನಾಗಿ. ಅಪಾಯ ಕಳೆದ ಮೇಲೆ ಗಂಡನು ಅದನ್ನು ದೇವರ ಕೃಪೆ ಎನ್ನುತ್ತಾನೆ. ಹೆಂಡತಿಯ ದುಡಿಮೆ ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸುವುದು ತಪ್ಪೆಂದು ಈ ಪತ್ರಿಕೆಯ ಓದುಗರು ಯಾರೂ ಹೇಳಲಾರರು. ಆದರೆ ದೇವರು ಯಾರ ಕೈಯಿಂದ ಕಾಪಾಡಿದನೋ ಆ ಕೈಯನ್ನು ಕಾಣದ ಕೃತಜ್ಞತೆ ಅರ್ಧ ಕೃತಜ್ಞತೆ. ಟಿ.ವಿ.ಯಲ್ಲಿ ಈ ಚಿತ್ರ ಬರುವಾಗ ಮನೆಮಂದಿಯೆಲ್ಲ ನಾಗಿಗಾಗಿ ಮರುಗುತ್ತಿರುತ್ತಾರೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಒಬ್ಬಳು ಎಲ್ಲರಿಗೂ ಕಾಫಿ ಬೆರೆಸುತ್ತಿರುತ್ತಾಳೆ. ಅವಳು ಚಿತ್ರದ ಅರ್ಧವನ್ನು ಬಾಗಿಲಲ್ಲಿ ನಿಂತೇ ನೋಡಿರುತ್ತಾಳೆ. ಲೋಟ ಕೈಗೆ ಬಂದಾಗ ಯಾರೂ ತಲೆಯೆತ್ತಿ ಅವಳ ಮುಖವನ್ನು ನೋಡುವುದಿಲ್ಲ, ಏಕೆಂದರೆ ನಾಗಿಯ ಕಷ್ಟ ಆಗ ತಾನೇ ಕೊನೆಯ ಘಟ್ಟಕ್ಕೆ ಬಂದಿರುತ್ತದೆ!

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ದಿನವಿಡೀ ದುಡಿದು ಬಂದವನಿಗೆ ಎರಡು ಗಂಟೆಯ ಬಿಡುವೂ ಬೇಡವೇ? ಅದರಲ್ಲಿಯೂ ಕರ್ತವ್ಯದ ಪಾಠ ಏಕೆ? ಈ ಆಕ್ಷೇಪದಲ್ಲಿ ಸತ್ಯವಿದೆ. ವಿಶ್ರಾಂತಿ ದೇವರೇ ವಿಧಿಸಿದ ವರ. ಪ್ರತಿಯೊಂದು ಕಥೆಯಿಂದಲೂ ನೀತಿಯನ್ನು ಹಿಂಡಬೇಕೆಂದು ಹೊರಟವನು ಕಥೆಯನ್ನೂ ಕೆಡಿಸುತ್ತಾನೆ, ತನ್ನ ಸಂಜೆಯನ್ನೂ ಕೆಡಿಸಿಕೊಳ್ಳುತ್ತಾನೆ. ಸ್ವಾಮಿ ಶಾಲೆಯನ್ನು ತಪ್ಪಿಸಿಕೊಳ್ಳಲು ಹವಣಿಸುವುದನ್ನು ನೋಡಿ ಮನಸಾರೆ ನಕ್ಕವರು ಯಾರಿಗೂ ಏನೂ ಬಾಕಿ ಉಳಿಸಿಕೊಂಡಿಲ್ಲ. ಓದಿದ ಪ್ರತಿ ಕಾದಂಬರಿಗೂ ಒಂದೊಂದು ಸಮಾಜಸೇವೆಯನ್ನು ಲೆಕ್ಕ ಒಪ್ಪಿಸಬೇಕೆಂದು ನಾನು ಹೇಳುವುದಿಲ್ಲ.

ನಾನು ಹೇಳುವುದು ಇನ್ನೂ ಚಿಕ್ಕ ಮಾತು. ಒಳ್ಳೆಯ ಕಾದಂಬರಿಯನ್ನು ಓದುವಾಗ ನಾವು ಎಷ್ಟು ತಾಳ್ಮೆಯುಳ್ಳವರಾಗಿರುತ್ತೇವೆ ಎಂಬುದನ್ನು ಗಮನಿಸಿ. ಒಬ್ಬ ಕುಡುಕನ ಪಾತ್ರ ಬಂದರೆ, ಅವನು ಏಕೆ ಕುಡಿದನೆಂದು ತಿಳಿಯಲು ನೂರು ಪುಟಗಳವರೆಗೆ ಕಾಯುತ್ತೇವೆ. ಗಂಡನನ್ನು ಬಿಟ್ಟು ಬಂದ ಹೆಣ್ಣಿನ ಪಾತ್ರ ಬಂದರೆ, ಅವಳ ಒಳಮನಸ್ಸನ್ನು ಅರಿಯದೆ ತೀರ್ಪು ಕೊಡುವುದಿಲ್ಲ. ಅದೇ ಕುಡುಕ ನಮ್ಮ ಬೀದಿಯಲ್ಲಿದ್ದರೆ, ಅದೇ ಹೆಣ್ಣು ನಮ್ಮ ಧರ್ಮಕೇಂದ್ರದಲ್ಲಿದ್ದರೆ, ಮೊದಲನೆಯ ಪುಟದಲ್ಲಿಯೇ ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಕಥೆಯ ಮನುಷ್ಯನಿಗೆ ಕೊಡುವ ತಾಳ್ಮೆಯಲ್ಲಿ ಕಾಲು ಭಾಗವನ್ನು ಕಣ್ಣೆದುರಿನ ಮನುಷ್ಯನಿಗೆ ಕೊಟ್ಟರೆ ಸಾಕು. ಓದಿದ್ದು ಸಾರ್ಥಕ, ನೋಡಿದ್ದು ಸಾರ್ಥಕ. ಹಾಗೆ ನೋಡಿದರೆ ಬಿಡುವಿನ ವೇಳೆಯ ಓದು ಕರುಣೆಯ ತಾಲೀಮು. ತಾಲೀಮಿನಲ್ಲಿ ಎಷ್ಟೇ ಚೆನ್ನಾಗಿ ಹಾಡಿದರೂ ಅದೇ ಹಾಡುಗಾರಿಕೆಯಲ್ಲ ಎಂಬುದು ನಮ್ಮ ಗಾಯನವೃಂದದ ಮಕ್ಕಳಿಗೂ ತಿಳಿದಿದೆ.

ಆದ್ದರಿಂದ, ಪ್ರಿಯ ಓದುಗರೇ, ಮಕ್ಕಳ ಕೈಯಿಂದ ಕಾದಂಬರಿಯನ್ನು ಕಿತ್ತುಕೊಳ್ಳಬೇಡಿ. ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಒಂದು ಒಳ್ಳೆಯ ಸಿನಿಮಾ ನೋಡಿ. ಅಳು ಬಂದರೆ ನಾಚಿಕೆಪಡದೆ ಅಳಿ; ಮೃದುವಾಗಬಲ್ಲ ಹೃದಯ ಇನ್ನೂ ನಮ್ಮಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಚಿತ್ರ ಮುಗಿದ ಮೇಲೆ ಮಾತ್ರ ತಕ್ಷಣ ಚಾನೆಲ್ ಬದಲಿಸಬೇಡಿ. ಹತ್ತು ನಿಮಿಷ ಟಿ.ವಿ. ಆರಿಸಿ, ಈ ಕಥೆಯಲ್ಲಿ ನಮಗೆ ಗೊತ್ತಿರುವವರು ಯಾರಿದ್ದಾರೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ದೊಡ್ಡವರು ಉತ್ತರಿಸಲು ಹಿಂಜರಿಯಬಹುದು. ಆದರೆ ಮಕ್ಕಳು ಯಾವ ಸಂಕೋಚವೂ ಇಲ್ಲದೆ ಒಂದು ಹೆಸರನ್ನು ಹೇಳಿಬಿಡುತ್ತಾರೆ. ಆ ಹೆಸರಿನವರ ಮನೆ ಬಹುಶಃ ನಿಮ್ಮ ಮನೆಯಿಂದ ಬಹಳ ದೂರವಿರಲಾರದು.